ಕಡ್ಲೆಯ ಕಡೇ ಪರೀಕ್ಷೆ

ಹಿನಕಲ್‌ನ ಸಿದ್ದರಾಜು ಕೆಟ್ಟವನೇನಲ್ಲ, ಆದರೆ ಕೈ ಮುಂದು. ಅರ್ಧ ಅಡಿ ಕಾಂಪೌಂಡ್ ಜಾಗಕ್ಕೆ ಜಗಳ ತೆಗೆದು ಅಣ್ಣನನ್ನು ನೂಕಿದ. ಕಲ್ಲಿನ ಮೇಲೆ ಬಿದ್ದ ಅಣ್ಣ ಮತ್ತೆ ಏಳಲಿಲ್ಲ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಆಟೋ ಓಡಿಸಿಕೊಂಡು ಮೈಸೂರೆಲ್ಲ ಸುತ್ತುತ್ತಿದ್ದವನು ಜೈಲು ಸೇರಿದ. ಅವ್ವ ತಿಮ್ಮಮ್ಮ ಒಮ್ಮೆಯೂ ನೋಡಲು ಬರಲಿಲ್ಲ. ಬರುವುದಾದರೂ ಹೇಗೆ, ಸತ್ತವನೂ ಅವಳ ಮಗನೇ.

ಆರನೇ ವರ್ಷ ಪ್ರಸನ್ನ ಎಂಬ ತರಬೇತುದಾರರು ಜೈಲಿಗೆ ಬಂದು, ಆಯ್ದ ಕೈದಿಗಳಿಗೆ ಒಂದೊಂದು ನಾಯಿಮರಿ ಕೊಟ್ಟರು. ಕಣ್ಣಿಲ್ಲದವರಿಗೆ ದಾರಿ ತೋರಿಸುವಂತೆ ಅದನ್ನು ಪಳಗಿಸಬೇಕು. ಕೈ ಎತ್ತಿದರೆ ಮರಿ ವಾಪಸ್. ಸಿದ್ದರಾಜುವಿಗೆ ಸಿಕ್ಕ ಹೆಣ್ಣುಮರಿ ಮೊದಲ ವಾರವೇ ಅವನ ಚಪ್ಪಲಿಯನ್ನು ಕಡ್ಲೆ ಅಗಿದ ಹಾಗೆ ಅಗಿದು ಹಾಕಿತು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಹಲ್ಲು ಕಚ್ಚಿ ನಿಂತ. ಕಡ್ಲೆ ಎಂದೇ ಹೆಸರಿಟ್ಟ. ಒಂದೂವರೆ ವರ್ಷದಲ್ಲಿ ಕಡ್ಲೆ ಮೆಟ್ಟಿಲ ಮುಂದೆ ನಿಲ್ಲುವುದನ್ನೂ ಗುಂಡಿ ತಪ್ಪಿಸಿ ನಡೆಯುವುದನ್ನೂ ಕಲಿತಳು. ಮೊಣಕಾಲಿನ ಮೇಲೆ ಅವಳ ಗದ್ದ ಇರದಿದ್ದರೆ ಸಿದ್ದರಾಜುವಿಗೆ ಊಟ ಸೇರದಂತಾಯಿತು.

ಕಡೇ ಪರೀಕ್ಷೆಗೆ ಜಯಲಕ್ಷ್ಮಿಪುರಂನಿಂದ ಪ್ರೇಮಲೀಲಾ ಬಂದರು. ಟೀಚರ್ ಆಗಿದ್ದವರು, ಕಣ್ಣು ಹೋಗಿ ನಾಲ್ಕು ವರ್ಷ. ಕಡ್ಲೆಯ ಪಟ್ಟಿ ಅವರ ಕೈಗೆ ಬಂತು. ಅಂಗಳದ ಆಚೆ ತುದಿಯಿಂದ ಸಾಕಿದವನೇ ಕರೆಯಬೇಕು. ನಾಯಿ ಓಡಿ ಬಂದರೆ ಫೇಲು. ಇನ್ನೊಂದು ವರ್ಷ ಜೈಲಿನಲ್ಲೇ, ಅವನ ಹತ್ತಿರವೇ.

“ಬಾಯ್ತುಂಬ ಕರೀರಿ ಸಿದ್ದರಾಜು, ಮೋಸ ಬೇಡ,” ಎಂದರು ಪ್ರಸನ್ನ.

ಅರೆಮನಸ್ಸಿನಿಂದ ಕರೆದರೆ ಕಡ್ಲೆ ಪಾಸಾಗುತ್ತಿದ್ದಳು. ಆದರೆ ನಾಳೆ ರಸ್ತೆಯ ನಡುವೆ ಯಾರೋ ಕರೆದರೆಂದು ಈ ತಾಯಿಯನ್ನು ಬಿಟ್ಟು ಓಡಿದರೆ? ನಿಜವಾಗಿ ಕರೆಯಲೇಬೇಕು. ನಿಜವಾಗಿ ಕರೆದರೆ ಬಂದುಬಿಡಲಿ ಎಂದು ಅವನ ಜೀವ ಹಪಹಪಿಸುತ್ತಿತ್ತು, ಅದನ್ನು ಮುಚ್ಚಿಡುವುದೇಕೆ?

ದಿನವೂ ಊಟಕ್ಕೆ ಕರೆಯುವಂತೆ ತೊಡೆ ತಟ್ಟಿದ. “ಕಡ್ಲೇ, ಬಾರವ್ವಾ! ಬಾ ನನ್ ಮಗ್ಳೇ!”

ಕಡ್ಲೆ ಎದ್ದಳು. ಮೈಯೆಲ್ಲ ನಡುಗಿತು, ಕುಂಯ್ಗುಟ್ಟಿದಳು. ಅವನು ಇನ್ನೊಮ್ಮೆ ಕೂಗಿದ, ಗಂಟಲು ಒಡೆಯುವಂತೆ. ಅವಳು ಅವನನ್ನೇ ನೋಡುತ್ತಾ ಮೆಲ್ಲಗೆ ಪ್ರೇಮಲೀಲಾ ಅವರ ಕಾಲಿಗೆ ಒತ್ತಿಕೊಂಡು ಕೂತಳು.

“ಪಾಸು ಕಣ್ರೀ!” ಎಂದು ಪ್ರಸನ್ನ ಚಪ್ಪಾಳೆ ತಟ್ಟಿದರು.

ಕರೆದ ದನಿಯಲ್ಲೇ ಪ್ರೇಮಲೀಲಾ ಅವರಿಗೆ ಎಲ್ಲವೂ ಗೊತ್ತಾಗಿತ್ತು. “ಬನ್ನಿ ಸಿದ್ದರಾಜು, ಒಂದ್ಸಲ ತಲೆ ಸವರಿ ಕಳಿಸಿಕೊಡಿ,” ಎಂದರು.

ಅವನು ಇದ್ದಲ್ಲಿಂದ ಕದಲಲಿಲ್ಲ.

“ಬ್ಯಾಡಿ ಮೇಡಂ, ಕರ್ಕೊಂಡೋಗ್ಬುಡಿ. ಈಗ ಮುಟ್ಟುದ್ರೆ ನಾನು ಬುಡಾಕಿಲ್ಲ.”