ಪಾಪಮ್ಮ ಕೊಡದ ದೂರು

ಕೊಟ್ಟಿಗೆಹಾರದಿಂದ ಬಣಕಲ್ ಕಡೆಗೆ ಒಂದು ಮೈಲಿ ನಡೆದರೆ ಲಕ್ಕಯ್ಯನ ಮೂರು ಎಕರೆ ಕಾಫಿ ತೋಟ. ಅವನ ಹೆಂಡತಿ ಪಾಪಮ್ಮನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಸೌಂದರ್ಯ. ಹೆರಿಗೆಯಲ್ಲಿ ತಾಯಿಯೋ ಮಗುವೋ ಒಬ್ಬರು ಉಳಿದರೆ ಹೆಚ್ಚು ಎಂದಿದ್ದರು. ಇಬ್ಬರೂ ಉಳಿದರು. ಅಂದಿನಿಂದ ಪಾಪಮ್ಮ ಪ್ರತಿ ಮಂಗಳವಾರ ತೋಟದಂಚಿನ ಚೌಡಿ ಬನಕ್ಕೆ ಹೋಗಿ, ಮರದ ಬುಡದ ಕಲ್ಲಿಗೆ ಕುಂಕುಮವಿಟ್ಟು ಬರುತ್ತಿದ್ದಳು. ಬೇಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹಸು ಕರು ಹಾಕಿತು, ಸೌಂದರ್ಯ ಎಸ್ಸೆಸ್ಸೆಲ್ಸಿ ಪಾಸಾದಳು, ಮೂಡಿಗೆರೆ ಕಾಲೇಜಿಗೆ ಸೇರಿಸಿದೆವು ಎಂದು ಮನೆಯ ಸುದ್ದಿ ಹೇಳಿ ಬರುವುದು, ಅಷ್ಟೆ.

೧೯೯೬ರ ಫೆಬ್ರವರಿ. ಕೊಯ್ಲು ಮುಗಿದು ಎಲ್ಲರ ಕಣದಲ್ಲೂ ಕಾಫಿ ಒಣಗುತ್ತಿತ್ತು. ಸಂಜೆ ನಾಲ್ಕೂವರೆಯ ಬಿಸಿಲಲ್ಲಿ ಬಸ್ಸಿಳಿದು ಮನೆಗೆ ನಡೆದು ಬರುತ್ತಿದ್ದ ಸೌಂದರ್ಯಳಿಗೆ ಹಿಂದಿನಿಂದ ಜೀಪು ಗುದ್ದಿತು. ಜೀಪು ನಿಲ್ಲಲಿಲ್ಲ ಎಂದರು. ರಸ್ತೆ ಬದಿಯಲ್ಲಿ ಹೋಟೆಲಿಟ್ಟಿದ್ದ ಮುದ್ದಮ್ಮ ಓಡಿ ಬರುವ ಹೊತ್ತಿಗೆ ಹುಡುಗಿಯ ಉಸಿರು ನಿಂತಿತ್ತು.

"ದೊಡ್ಡ ಎಸ್ಟೇಟಿನ ಅರುಣ್ ಗೌಡ್ರ ಜೀಪು ಕಣೇ ಪಾಪಮ್ಮ. ಅವ್ರೇ ಓಡಿಸ್ತಿದ್ರು. ಈ ಕಣ್ಣಲ್ಲೇ ನೋಡ್ದೆ," ಎಂದು ಮುದ್ದಮ್ಮ ಆವತ್ತು ಎದೆ ಬಡಿದುಕೊಂಡು ಅತ್ತಳು. ಪಾಪಮ್ಮ ಕೇಳಿದ್ದು ಒಂದೇ ಮಾತು: "ನೋವು ತಿಂದಳೇನೆ?"

"ಇಲ್ಲ. ಗೊತ್ತೇ ಆಗಿಲ್ಲ ಅದಕ್ಕೆ. ಹಂಗೇ ಹೋಗಿಬಿಟ್ಟಿದೆ."

ಡಾಕ್ಟರೂ ಹಾಗೆಯೇ ಹೇಳಿದರು. ಮುಂದಿನ ಎಂಟು ವರ್ಷ ಪಾಪಮ್ಮ ಅನ್ನ ತಿಂದು ನೀರು ಕುಡಿದು ಬದುಕಿದ್ದು ಆ ಮಾತಿನ ಮೇಲೆಯೇ.

ಕೇಸು ಕೋರ್ಟಿಗೆ ಬರಲು ಎರಡು ವರ್ಷ ಹಿಡಿಯಿತು. ಸಾಕ್ಷಿ ಹೇಳಬೇಕಿದ್ದವಳು ಮುದ್ದಮ್ಮ ಒಬ್ಬಳೇ. ಅವಳ ಹೋಟೆಲು ನಿಂತಿದ್ದ ಜಾಗ ಅರುಣನ ತಂದೆಯದು. ಕಟಕಟೆಯಲ್ಲಿ ಅವಳು ತಲೆ ಎತ್ತಲಿಲ್ಲ. "ಮಂಜು ಮುಸುಕಿತ್ತು ಸ್ವಾಮಿ. ಯಾವ ಜೀಪು ಅಂತ ಕಾಣ್ಲಿಲ್ಲ," ಎಂದಳು. ಫೆಬ್ರವರಿಯ ಬಿಸಿಲಲ್ಲಿ ಮಂಜು! ಲಕ್ಕಯ್ಯ ಎದ್ದು ನಿಂತು ಏನೋ ಹೇಳಲು ಹೋದ. ಪೇದೆ ಭುಜ ಒತ್ತಿ ಕೂರಿಸಿದ. ಅರುಣನ ಬಿಡುಗಡೆಯಾಯಿತು.

"ಕೋರ್ಟಲ್ಲಿ ಆಗದ್ದು ಚೌಡಿ ಹತ್ರ ಆಗ್ತದೆ," ಎಂದರು ಊರವರು. "ಹೋಗಿ ದೂರು ಕೊಡು. ನಿನ್ನ ಹೊಟ್ಟೆ ಉರಿಸಿದೋರ ಹೊಟ್ಟೆ ಉರಿಲಿ." ಕಾಯಿ ಒಡೆದು ಹೆಸರು ಹಿಡಿದು ದೂರು ಕೊಟ್ಟರೆ ಚೌಡಿ ಅವರ ಮನೆಯನ್ನು ಹುಡುಕಿಕೊಂಡು ಹೋಗುತ್ತಾಳೆ ಎಂಬುದು ಅಲ್ಲಿನ ನಂಬಿಕೆ. ಲಕ್ಕಯ್ಯನೇ ಕಾಯಿ ಸುಲಿದು ಕೊಟ್ಟ.

ಪಾಪಮ್ಮ ಬನಕ್ಕೆ ಹೋಗಿ ಬಹಳ ಹೊತ್ತು ನಿಂತಳು. ಬಾಯಿಗೆ ಅರುಣನ ಹೆಸರು ಬಂತು, ಆದರೆ ಮುಂದಿನ ಮಾತು ಹೊರಡಲಿಲ್ಲ. ಕೊನೆಗೆ, "ಅಲ್ಲೇ ಇದ್ದೆಯಲ್ಲ, ನೀನೂ ನೋಡಿದೀಯ. ನಾನೇನು ಹೇಳ್ಲಿ? ನಿಂಗೆ ಸರಿ ಕಂಡಿದ್ದು ಮಾಡು," ಎಂದು ಕಾಯಿಯನ್ನು ಒಡೆಯದೆ ಹಾಗೆಯೇ ಕಲ್ಲಿನ ಮುಂದಿಟ್ಟು ಬಂದಳು.

ಆದರೆ ಊರಿಗೆ ತಿಳಿದದ್ದು ಬೇರೆ. ಪಾಪಮ್ಮ ದೂರು ಕೊಟ್ಟಳಂತೆ ಎಂಬ ಸುದ್ದಿ ವಾರದೊಳಗೆ ಎಸ್ಟೇಟಿನ ಬಂಗಲೆ ಮುಟ್ಟಿತು. ಅವಳು ಇಲ್ಲ ಎನ್ನಲಿಲ್ಲ. ಬಣಕಲ್ ಸಂತೆಯಲ್ಲಿ ಎದುರಾದಾಗ ಅರುಣನ ಮುಖ ಬಿಳಿಚಿಕೊಳ್ಳುವುದನ್ನು ಕಂಡು ಅವಳಿಗೆ ಒಳಗೊಳಗೇ ತಂಪೆನಿಸಿತು. ಅವನಿಗೆ ಮದುವೆಯಾಯಿತು, ಮಗಳು ಹುಟ್ಟಿದಳು. ಅವನು ಹೆದರಿಕೊಂಡೇ ಇರಲಿ ಎಂದು ಪಾಪಮ್ಮ ಸುಮ್ಮನಿದ್ದಳು.

೨೦೦೪ರಲ್ಲಿ ಆ ಮಗು ಕವನಾಳಿಗೆ ರಕ್ತದ ಕ್ಯಾನ್ಸರ್ ಎಂದರು. ಐದು ವರ್ಷದ ಮಗು. ಸುದ್ದಿ ತಂದ ಹೆಂಗಸು, "ನೋಡಿದ್ಯಾ ಚೌಡಿ ಶಕ್ತಿ?" ಎಂದು ನಕ್ಕಳು. ಆ ಮಂಗಳವಾರ ಪಾಪಮ್ಮ ಬನಕ್ಕೆ ಹೋಗಲಿಲ್ಲ. ಅದರ ಮುಂದಿನ ಮಂಗಳವಾರವೂ ಹೋಗಲಿಲ್ಲ.

ಒಂದು ಬೆಳಿಗ್ಗೆ ಅರುಣ ನಡೆದುಕೊಂಡೇ ಬಂದ. ಲಕ್ಕಯ್ಯ ಅವನನ್ನು ನೋಡಿದ್ದೇ ತೋಟಕ್ಕೆ ಎದ್ದು ಹೋದ. ಅರುಣ ಅಂಗಳದಲ್ಲೇ ನಿಂತ.

"ಪಾಪಮ್ಮಕ್ಕ, ನಿಮ್ಮ ಕಾಲು ಹಿಡೀತೀನಿ. ಆ ದೂರು ವಾಪಸ್ ತಗೊಳ್ಳಿ. ನಂಗೆ ಏನಾದ್ರೂ ಆಗ್ಲಿ. ಮಗು ಬೇಡ."

"ನಾನು ದೂರು ಕೊಟ್ಟೇ ಇಲ್ಲ ಅರುಣ್ ಗೌಡ್ರೇ."

"ಊರಿಗೆಲ್ಲ ಗೊತ್ತಿದೆ ಅಕ್ಕ."

"ಚೌಡಿ ಆಣೆಗೂ ಇಲ್ಲ. ಊರು ಹೇಳ್ತು, ನಾನು ಸುಮ್ನಿದ್ದೆ. ಅದು ನನ್ನ ತಪ್ಪು."

ಅವನು ನಂಬಲಿಲ್ಲ. ನಂಬಿಸಲು ಇನ್ನೇನೂ ದಾರಿ ಕಾಣದೆ ಪಾಪಮ್ಮ ಚಪ್ಪಲಿ ಮೆಟ್ಟಿ, "ಬನ್ನಿ, ಅಲ್ಲೇ ಹೇಳ್ತೀನಿ," ಎಂದು ಮುಂದೆ ನಡೆದಳು. ಬನದಲ್ಲಿ ಕಲ್ಲಿನ ಮುಂದೆ ಕೈಮುಗಿದು, ಯಾರ ಹೆಸರಲ್ಲೂ ಕೇಡು ಕೇಳಿಲ್ಲ, ಈ ಮಗುವನ್ನು ಉಳಿಸಿಕೊಡು ಎಂದು ಗಟ್ಟಿಯಾಗಿ ಹೇಳಿದಳು. ಹೇಳಿ ತಿರುಗಿದರೆ ಅರುಣ ನೆಲದ ಮೇಲೆ ಕುಕ್ಕರಿಸಿದ್ದ.

"ನಾನು ಜೀಪು ನಿಲ್ಸಿದ್ದೆ ಅಕ್ಕ," ಎಂದ. "ಇಳಿದು ಹತ್ರ ಹೋಗಿದ್ದೆ. ಅವಳಿಗೆ ಜೀವ ಇತ್ತು. ಅಣ್ಣಾ ನೀರು ಅಂದ್ಲು. ಕುಡಿದಿದ್ದೆ ನಾನು. ಹೆದರಿ ಹೊರಟುಹೋದೆ."

ತೋಟದೊಳಗಿಂದ ಲಕ್ಕಯ್ಯ ಹಸುವನ್ನು ಕೂಗುವುದು ಕೇಳುತ್ತಿತ್ತು. ಆಮೇಲೆ ಪಾಪಮ್ಮ ಅರುಣನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದು ಜಗ್ಗಿದಳು. "ಅಣ್ಣಾ ಅಂದ್ಲೇನೋ? ನಿನ್ನ ಅಣ್ಣಾ ಅಂದ್ಲಾ? ಆಸ್ಪತ್ರೆ ಅರ್ಧ ಗಂಟೆ ದಾರಿ ಇತ್ತಲ್ಲೋ!" ಜಗ್ಗಿ ಜಗ್ಗಿ ಸುಸ್ತಾಗಿ ಅವನ ಪಕ್ಕದಲ್ಲೇ ಕುಸಿದು ಕೂತಳು. ಇಬ್ಬರೂ ಅತ್ತರು. ಸ್ವಲ್ಪ ಹೊತ್ತಿಗೆ ಅವಳು ಸೆರಗಲ್ಲಿ ಮುಖ ಒರೆಸಿಕೊಂಡು, "ಹೋಗು. ಮಗು ಹತ್ರ ಇರು," ಎಂದಳು.

ಅರುಣ ಮರುದಿನ ಪೊಲೀಸ್ ಠಾಣೆಗೆ ಹೋಗಿ ಎಲ್ಲ ಹೇಳಿದನಂತೆ. ಕೋರ್ಟು ಬಿಟ್ಟ ಕೇಸನ್ನು ಮತ್ತೆ ತೆಗೆಯಲು ಬರುವುದಿಲ್ಲ, ಮನೆಗೆ ಹೋಗಿ ಎಂದು ಕಳಿಸಿದರಂತೆ.

ಪಾಪಮ್ಮ ಮಾತ್ರ ದಿನಾ ಬನಕ್ಕೆ ಹೋಗತೊಡಗಿದಳು. ಮಗಳು ನೀರು ಕೇಳಿದ್ದು ಅವಳನ್ನು ಒಂದು ಗಳಿಗೆ ಬಿಡುತ್ತಿರಲಿಲ್ಲ. ಲಕ್ಕಯ್ಯನಿಗೆ ಅದನ್ನು ಹೇಳಲೇ ಇಲ್ಲ. "ನೀನು ನೋಡ್ಕೊಂಡು ಸುಮ್ನಿದ್ದೆಯಲ್ಲ," ಎಂದು ಚೌಡಿಯನ್ನು ಬೈದು, ಅದೇ ಬಾಯಲ್ಲಿ ಕವನಾಳ ಜೀವ ಬೇಡುತ್ತಿದ್ದಳು. ಬೇಡಲು ಬೇರೆ ಯಾರಿದ್ದಾರೆ?

ಮಗು ಉಳಿಯಲಿಲ್ಲ. ಮಂಗಳೂರಿನ ಆಸ್ಪತ್ರೆಯಿಂದ ಹೆಣ ಬಂದ ದಿನ ಪಾಪಮ್ಮ ಎಂದೂ ಕಾಲಿಡದಿದ್ದ ಬಂಗಲೆಗೆ ಹೋದಳು. ಜನ ದಾರಿ ಬಿಟ್ಟರು. ಅವಳು ನೆಟ್ಟಗೆ ಹೋಗಿ ಅರುಣನ ಹೆಂಡತಿಯ ಪಕ್ಕ ಕೂತಳು. ಹಿಂದೆ ಯಾರೋ ಪಿಸುಗುಟ್ಟಿದರು: "ಅಂತೂ ದೇವರು ನ್ಯಾಯ ಕೊಟ್ಟ."

ಪಾಪಮ್ಮ ತಿರುಗಿದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಬಾಯಿ ಮುಚ್ಚಿ! ಈ ಕೂಸು ಯಾರಿಗೆ ಏನು ಮಾಡಿತ್ತು? ಇದು ನ್ಯಾಯ ಅಂತೀರಾ? ಇಷ್ಟು ವರ್ಷ ಕೈಮುಗಿದಿದೀನಿ ಚೌಡಿಗೆ. ಮಕ್ಕಳನ್ನ ಲೆಕ್ಕಕ್ಕೆ ಲೆಕ್ಕ ಅಂತ ಒಯ್ಯೋಳಲ್ಲ ಅವಳು. ಅವಳ ನ್ಯಾಯ ಏನು ಅಂತ ನಂಗೊತ್ತಿಲ್ಲ. ಇದಂತೂ ಅಲ್ಲ."

ಅರುಣನ ಹೆಂಡತಿ ಅವಳ ಮಡಿಲಿಗೆ ಬಿದ್ದು ಅತ್ತಳು.

ಆಮೇಲಿನ ವರ್ಷಗಳಲ್ಲಿ ಆ ತಾಯಿ ಆಗೀಗ ಪಾಪಮ್ಮನ ಮನೆಗೆ ಬರುತ್ತಿದ್ದಳು. ಮೊದಮೊದಲು ಲಕ್ಕಯ್ಯ ಮಾತಾಡುತ್ತಿರಲಿಲ್ಲ. ನಂತರ ಅವನೇ ಮಣೆ ಹಾಕುವಂತಾದ. ಇಬ್ಬರು ಹೆಂಗಸರೂ ಜಗಲಿಯಲ್ಲಿ ಕೂತು ಕಾಳುಮೆಣಸು ಬಿಡಿಸುತ್ತಿದ್ದರು. ಒಂದು ದಿನ ಅವಳು ಕೇಳಿದಳು, "ಅಕ್ಕ, ಇಷ್ಟಾದ ಮೇಲೂ ನಿಮಗೆ ನಂಬಿಕೆ ಇದೆಯಾ?"

ಪಾಪಮ್ಮ ಬಿಡಿಸಿದ ಮೆಣಸನ್ನು ಮೊರಕ್ಕೆ ಸುರಿದಳು. "ಕೆಲವು ದಿನ ಇರಲ್ಲ ಕಣವ್ವ," ಎಂದಳು. "ಆ ದಿನಾನೂ ಹೋಗಿ ನಿಂತ್ಕೋತೀನಿ."