ಹಂದಿ ಕಾವಲಿನ ಕ್ಯಾಪ್ಟನ್

ಯುದ್ಧ ಮುಗಿಸಿ ಎಡಗಾಲು ಕುಂಟುತ್ತ ಊರಿಗೆ ಬಂದ ಕ್ಯಾಪ್ಟನ್ ಅಸಾಹೆಲ್ ಟ್ರೆಡ್‌ವೆಲ್, ಮೆಹಿಟೆಬಲ್‌ಳನ್ನು ಮದುವೆಯಾದ. ನದಿಯ ದಡದಲ್ಲಿ ಉಪ್ಪು, ಮೊಳೆ, ಕಾಕಂಬಿಯ ಅಂಗಡಿ ಇಟ್ಟ. ಮೂರನೆಯ ಕೆಲಸವನ್ನು ಊರೇ ಅವನ ತಲೆಗೆ ಕಟ್ಟಿತು. ಹೊಸ ಮದುಮಗನನ್ನು ಮಾರ್ಚ್ ತಿಂಗಳ ಊರಸಭೆಯಲ್ಲಿ ಹಂದಿ ಕಾವಲಿಗೆ ಆರಿಸಿ ನಗುವುದು ನಮ್ಮ ಕಡೆಯ ಹಳೆಯ ಚೇಷ್ಟೆ. ಸಿಕ್ಕಿಬಿದ್ದವನು ತಾನೂ ನಕ್ಕು, ನಾಲ್ಕು ಜನಕ್ಕೆ ರಮ್ ಕುಡಿಸಿ ಮರೆತುಬಿಡುತ್ತಾನೆ. ಈ ಮಹಾಶಯ ಟೋಪಿ ತೆಗೆದು, ಕೈಯೆತ್ತಿ ಪ್ರಮಾಣವನ್ನೇ ಮಾಡಿಬಿಟ್ಟ.

"ತಮಾಷೆಗೂ ಪ್ರಮಾಣಾನೇನ್ರೀ?" ಮೆಹಿಟೆಬಲ್ ಮನೆಯಲ್ಲಿ ರೇಗಿಸಿದಳು.

"ಯುದ್ಧಕ್ಕೆ ಹೋಗೋವಾಗ್ಲೂ ಇದೇ ಕೈ ಎತ್ತಿದ್ದೆ ಕಣೇ. ಯಾವ್ದು ತಮಾಷೆ ಅಂತ ಕೈಗೇನು ಗೊತ್ತು?"

ನೆಲ ಬಗೆಯದಂತೆ ಮೂಗಿಗೆ ಹಾಕುವ ಉಂಗುರವಿಲ್ಲದೆ ಬೀದಿಗಿಳಿದ ಹಂದಿಯನ್ನು ಕಾವಲುಗಾರ ದೊಡ್ಡಿಗೆ ಸೇರಿಸಬೇಕು, ಇದು ಊರ ಕಾನೂನು. ಜೂನ್‌ನಲ್ಲಿ ಅಂಥದೊಂದು ಹಂದಿ ವಿಧವೆ ಪೇಷನ್ಸಳ ಜೋಳದ ಹೊಲವನ್ನು ಬುಡಮೇಲು ಮಾಡಿತು. ಅದು ಸ್ಟೆಬಿನ್ಸ್ ಧಣಿಯದು. ವರ್ಷವರ್ಷವೂ ಬಾಸ್ಟನ್ನಿನ ಶಾಸನಸಭೆಗೆ ಹೋಗುವವನು ಅವನೇ; ಅಂಗಡಿಯ ಅರ್ಧ ವ್ಯಾಪಾರವೂ ಅವನ ಮನೆಯದೇ. ಊರೆಲ್ಲ ಬೇಲಿಗೊರಗಿ ಕಾದು ನಿಂತಿತು.

ಅಸಾಹೆಲ್ ಹಂದಿಯ ಕಾಲಿಗೆ ಹಗ್ಗ ಬಿಗಿದು, ಧಣಿಯ ಮನೆಯ ಮುಂದೆಯೇ ಎಳೆದುಕೊಂಡು ಹೊರಟ.

"ಏಯ್ ಕುಂಟ! ಯಾರ ಹಂದಿ ಗೊತ್ತೇನೋ? ಉಂಡ ಮನೆ ಜಂತೆ ಎಣಿಸ್ತೀಯಾ?" ಧಣಿ ಬಾಗಿಲಿನಿಂದಲೇ ಗದರಿದ.

"ಯಾರದ್ದು ಅಂತ ಹಂದಿ ಹೇಳ್ಲಿಲ್ಲ ಧಣಿ. ಮೂಗಲ್ಲಿ ಉಂಗುರ ಇಲ್ಲ, ಅಷ್ಟೇ ಕಂಡಿದ್ದು."

"ನಾಳೆಯಿಂದ ನಿನ್ನಂಗಡಿ ಹೊಸ್ತಿಲು ತುಳಿಯಲ್ಲ!"

ಅಷ್ಟರಲ್ಲಿ ಹಂದಿ ದಾರಿಯಲ್ಲೇ ಕುಕ್ಕರಿಸಿತು. ಕುಂಟುಗಾಲು ಜಾರಿತು, ಯಾರೋ ಕಿಸಕ್ಕೆಂದರು. ಅಂಗಡಿ ಮುಳುಗಿತೆಂದು ಬೇಲಿಯ ಬಳಿ ನಿಂತಿದ್ದ ಮೆಹಿಟೆಬಲ್‌ಳಿಗೂ ಗೊತ್ತಿತ್ತು, ನಿಜ. ಆದರೆ ಆ ಕಿಸಕ್ಕು ಕೇಳಿದ್ದೇ ತಡ, ಲಂಗ ಎತ್ತಿ ಕಟ್ಟಿ ಹಿಂದಿನಿಂದ ಹಂದಿಯನ್ನು ನೂಕಿದಳು. ಗಂಡ ಎಳೆದ, ಹೆಂಡತಿ ತಳ್ಳಿದಳು, ಹಂದಿ ದೊಡ್ಡಿ ಸೇರಿತು.

ಆ ಚಳಿಗಾಲ ಅಂಗಡಿ ಭಣಗುಟ್ಟಿತು. ಮನೆಯಲ್ಲಿ ಬರೀ ಜೋಳದ ಗಂಜಿ. ಮೇ ತಿಂಗಳ ಊರಸಭೆಯಲ್ಲಿ ಬಾಸ್ಟನ್ನಿಗೆ ಯಾರು ಎಂಬ ಮಾತು ಬಂದಾಗ, ಹಿಂದಿನ ಬೆಂಚಿನಿಂದ ಒಂದು ದನಿ ಎದ್ದಿತು: "ಹಂದಿ ಕಾಯೋನನ್ನೇ ಕಳ್ಸ್ರಪ್ಪ!" ಈ ಸಲ ಯಾರೂ ನಗಲಿಲ್ಲ. ಟೋಪಿಯೊಳಗೆ ಬಿದ್ದ ಚೀಟಿಗಳಲ್ಲಿ ಹೆಚ್ಚಿನವು ಅಸಾಹೆಲನ ಹೆಸರಿನವೇ.

ಎಷ್ಟೋ ವರ್ಷದ ಮೇಲೆ ಅವನು ತೀರಿಕೊಂಡಾಗ ಕಲ್ಲುಕುಟಿಗ ಗೋರಿಗಲ್ಲಿಗೆ ಕೆತ್ತಬೇಕಾದ ಬರಹ ಓದಿ ಹೇಳಿದ: ಸೈನಿಕ, ವರ್ತಕ, ಶಾಸಕ.

"ಮೊದ್ಲು ಹಂದಿ ಕಾವಲುಗಾರ ಅಂತ ಕೆತ್ತಪ್ಪ," ಎಂದಳು ಮೆಹಿಟೆಬಲ್.

"ಜನ ನಗ್ತಾರಮ್ಮ."

"ನಗ್ಲಿ ಬಿಡು. ಆವತ್ತೂ ನಕ್ಕಿದ್ರು, ಆಮೇಲೆ ಓಟು ಹಾಕಿದ್ರು."