ಶಾವಿಗಿ ಒಣಗೋತನಕ

ಪಾರ್ಕುಗಳಲ್ಲಿರುವ ವ್ಯಾಯಾಮದ ಯಂತ್ರಗಳಿಗೆ ಎಣ್ಣೆ ಬಿಟ್ಟು, ನಟ್ಟು ಬಿಗಿದು, ಫಾರಂ ತುಂಬಿ ಆಫೀಸಿಗೆ ಕಳಿಸುವುದು ನನ್ನ ಕೆಲಸ. ಆವತ್ತು ಮಧ್ಯಾಹ್ನದೊಳಗೆ ಮೂಡಲಗಿ ಮುಗಿಸಿ ಹುಕ್ಕೇರಿಗೆ ಓಡಬೇಕಿತ್ತು. ಪಾರ್ಕಿನ ಗೇಟು ದಾಟಿದರೆ ಯಂತ್ರಗಳೇ ಕಾಣುತ್ತಿಲ್ಲ! ಕಂಬಿ ಕಂಬಿಗೂ ಹಸಿ ಶಾವಿಗಿ ಇಳಿಬಿದ್ದಿತ್ತು.

“ಯಾರ್ರೀ ಇದನ್ನ ಹಾಕಿದ್ದು? ತಗೀರಿ!” ಎಂದೆ.

ಗಿಡದ ನೆರಳಲ್ಲಿ ಕೂತಿದ್ದ ಮುದುಕಿ ಏಳಲೇ ಇಲ್ಲ. “ಈಗ ಮುಟ್ಟಿದ್ರ ಮುದ್ದಿ ಆಗ್ತಾವ. ಒಣಗೋತನಕ ತಡಿ ತಮ್ಮಾ.”

“ನನಗ ಟೈಮ್ ಇಲ್ಲ ಆಯಿ. ಇವನ್ನ ವ್ಯಾಯಾಮ ಮಾಡಾಕ ಇಟ್ಟಾರ.”

“ನಸುಕಿನ್ಯಾಗ ಎದ್ದು ಹಿಟ್ಟು ನಾದೀವಿ, ಶಾವಿಗಿ ಹೊಸದೀವಿ. ಇನ್ನೆಂಥಾ ವ್ಯಾಯಾಮೋ?”

ಗಳಿಗೆಗೊಮ್ಮೆ ಗಡಿಯಾರ ನೋಡುತ್ತ ಅತ್ತಿಂದಿತ್ತ ಅಡ್ಡಾಡಿದೆ. ಕೊನೆಗೆ ಆಕೆಯೇ ಕೊಟ್ಟ ಕೋಲು ಹಿಡಿದು ಕಾಗೆ ಓಡಿಸುತ್ತ ನಿಂತೆ. ಹುಕ್ಕೇರಿ ಬಸ್ಸು ಹೋಯಿತು.

ನಮ್ಮ ಫಾರಮಿನಲ್ಲಿ ಒಂದು ಪ್ರಶ್ನೆ ಇರುತ್ತದೆ: ಸಾರ್ವಜನಿಕರು ಇವನ್ನು ಬಳಸುತ್ತಿದ್ದಾರೆಯೇ? ತುಕ್ಕು ಹಿಡಿದು ಬಿದ್ದ ಯಂತ್ರಗಳ ಎದುರು ನಿಂತು ಎಷ್ಟೋ ಊರಲ್ಲಿ ‘ಹೌದು’ ಎಂದು ಬರೆದಿದ್ದೇನೆ. ಸುಳ್ಳಿಲ್ಲದೆ ಬರೆದದ್ದು ಆವತ್ತೇ ಮೊದಲು.